ಡಾಕ್ಟರ್ ಸಾಬರ ಹವಳಕ್ಕೆ ಯಾವ ಲೈಟು

ಪಿಂಚಣಿ ಅರ್ಜಿಗೆ ಫೋಟೋ ತೆಗೆಸಿಕೊಳ್ಳಲು ನಿಂಬರ್ಗಾದಿಂದ ಬಂದಿದ್ದ ಹಿರಿಯರೊಬ್ಬರು, ಕನ್ನಡಿಯ ಮುಂದೆ ರುಮಾಲು ಸರಿಮಾಡಿಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು, ನನ್ನ ಸ್ಟುಡಿಯೋದ ಒಳಗೋಣೆಯ ಪರದೆ ಸರಿಸಿ ನಿಂತುಬಿಟ್ಟರು. ಸ್ಟುಡಿಯೋಕ್ಕೂ ಹಿಂದಿನ ನಮ್ಮ ಮನೆಗೂ ನಡುವಿನ ಆ ಕೋಣೆಯಲ್ಲಿ ಗಾಜಿನ ತೊಟ್ಟಿ ಇದೆ. ಅದನ್ನು ನೋಡಿದವರೆಲ್ಲ ಮೊದಲು ಮೀನು ಎಣಿಸುತ್ತಾರೆ.

"ಮೀನ ಎರಡೇ ಅವ ಅಲ್ಲ ತಮ್ಮಾ. ಉಳಿದಿದ್ದೆಲ್ಲ ಕಲ್ಲೇನು?"

"ಕಲ್ಲಲ್ಲರಿ ಕಾಕಾ, ಜೀವ ಅದ ಅದಕ್ಕ. ಹವಳ."

"ಉಂಗುರದಾಗ ಹಾಕ್ತಾರಲ್ಲ, ಅದಾ?"

"ಅದರ ಬಳಗ ಅನ್ರಿ."

"ಏನ್ ತಿಂತದ?"

"ಬೆಳಕ ತಿಂತದರಿ."

ಅವರು ತೊಟ್ಟಿಯನ್ನು ಬಿಟ್ಟು ನನ್ನನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಮಾಧಾನದ ದನಿಯಲ್ಲಿ, "ನಮ್ಮ ಕಡೆ ಬೆಳಕಿಗೇನು ಕಮ್ಮಿ ಅದ? ಹೊರಗ ಕಟ್ಟಿ ಮ್ಯಾಲ ಇಟ್ಟಬಿಡು," ಎಂದರು.

ಹೊರಗೆ ಇಟ್ಟರೆ ಆಳಂದದ ಬಿಸಿಲು ಹವಳವನ್ನು ಸಾಕುವುದಿಲ್ಲ, ಬೇಯಿಸುತ್ತದೆ. ಅದನ್ನು ಅವರಿಗೆ ವಿವರಿಸದೆ ಫೋಟೋ ತೆಗೆದುಕೊಟ್ಟು ಕಳಿಸಿದೆ. ಆದರೆ ಬೆಳಕಿನ ವಿಷಯದಲ್ಲಿ ಇಷ್ಟು ಸಲೀಸಾಗಿ ಮಾತನಾಡಬಲ್ಲ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎನ್ನಬೇಕು. ಏಕೆಂದರೆ ಆ ಚಳಿಗಾಲವಿಡೀ ನಾನು ಯೋಚಿಸಿದ್ದು ಅದೊಂದನ್ನೇ.

ಬೆಳಕು ನನ್ನ ಕಸುಬು ಎಂದು ಹೇಳಿಕೊಳ್ಳುತ್ತೇನೆ. ಫೋಟೋ ಸ್ಟುಡಿಯೋ ಇಟ್ಟವನು ಬೇರೆ ಏನು ಹೇಳಿಕೊಳ್ಳಬೇಕು? ಚಿಂತೆ ಮಾಡುವುದು ಮಾತ್ರ ಕಸುಬಲ್ಲ, ಹುಟ್ಟುಗುಣ. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಕೊರಳಲ್ಲಿ ಎರಡು ಕ್ಯಾಮೆರಾ ನೇತು ಹಾಕಿಕೊಂಡಿರುತ್ತೇನೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಎರಡೂ ಕೈಕೊಟ್ಟರೆ ಎಂದು ಚೀಲದಲ್ಲಿ ಮೂರನೆಯದು. ಇಂಥವನು ಬೇಫಿಕರಾಗಿ ಒಂದು ನಾಯಿ ಸಾಕಬಹುದಿತ್ತು. ಸಮುದ್ರದ ಜೀವವನ್ನು, ಅದೂ ಬಕೆಟ್ಟಿನಲ್ಲಿ ಉಪ್ಪು ಕದಡಿ ಸಮುದ್ರ ಮಾಡಿ, ಸಾಕಲು ಕೂತದ್ದು ಏಕೆಂದು ಹೆಂಡತಿ ಈಗಲೂ ಕೇಳುತ್ತಾಳೆ. "ಇರೋ ಫಿಕರ್ ಸಾಲವಲ್ದಾಗಿತ್ತೇನ್ರಿ ನಿಮಗ?"

ಇದಕ್ಕೆಲ್ಲ ಕಾರಣ ಅಫಜಲಪುರದ ಡಾಕ್ಟರ್ ಸಾಬರು. ದನದ ಡಾಕ್ಟರು. ಅವರು ನಿವೃತ್ತರಾದ ದಿನದ ಸಮಾರಂಭಕ್ಕೆ ಫೋಟೋ ತೆಗೆಯಲು ಹೋಗಿದ್ದೆ. ಹಾರ, ಶಾಲು, ಫಲತಾಂಬೂಲ ಎಲ್ಲ ಮುಗಿದ ಮೇಲೆ ಚಾ ಕುಡಿಯಲು ಮನೆಗೆ ಕರೆದರು. ಪಡಸಾಲೆಯ ಮೂಲೆಯಲ್ಲಿ ಅವರ ತೊಟ್ಟಿ ಇತ್ತು. ಅದರ ಮೇಲೆ ಒಂದೇ ಒಂದು ದೊಡ್ಡ ದೀಪ. ಆ ದೀಪದ ಕೆಳಗೆ, ನೀರಿನ ತಳದ ಬಿಳಿ ಮರಳಿನ ಮೇಲೆ, ಬೆಳಕಿನ ಗೆರೆಗಳು ಬಲೆಯಂತೆ ಹೆಣೆದುಕೊಂಡು ಅಲುಗಾಡುತ್ತಿದ್ದವು. ಭೀಮಾ ನದಿ ತಿಳಿಯಾಗಿ ಹರಿಯುವ ದಿನಗಳಲ್ಲಿ ದಂಡೆಯ ಹತ್ತಿರ ಬಗ್ಗಿ ನೋಡಿದರೆ ಹೀಗೇ ಕಾಣುತ್ತದೆ. ಇಪ್ಪತ್ತೈದು ವರ್ಷ ಜನರ ಮುಖದ ಮೇಲೆ ಬೆಳಕು ಬಿಟ್ಟವನು ನಾನು. ಬೆಳಕು ಹೀಗೆ ಆಡುವುದನ್ನು ಮನೆಯೊಳಗೆ ನೋಡಿರಲಿಲ್ಲ. ಚಾ ಆರಿಹೋಯಿತು.

ಆ ದೀಪಕ್ಕೆ ಮೆಟಲ್ ಹಾಲೈಡ್ ಎಂದು ಹೆಸರು. ನಾವು ಹಾಲೈಡ್ ಎಂದಷ್ಟೇ ಅನ್ನುತ್ತೇವೆ. ಸ್ವಿಚ್ ಹಾಕಿದರೆ ಒಮ್ಮೆಲೇ ಹತ್ತುವುದಿಲ್ಲ; ಮೊದಲು ಮಂಕಾಗಿ, ಗುಲಾಬಿಯಾಗಿ, ಆಮೇಲೆ ನಿಧಾನವಾಗಿ ಬೆಳ್ಳಗಾಗುತ್ತದೆ, ನಿದ್ದೆಯಿಂದ ಎದ್ದ ಹಿರಿಯರ ಹಾಗೆ. ಅದರ ಜೊತೆಗೆ ಇಟ್ಟಿಗೆಯಷ್ಟು ಭಾರದ ಒಂದು ಚೋಕ್ ಡಬ್ಬಿ, ಗುಂಯ್ ಎನ್ನುತ್ತಿರುತ್ತದೆ. ಅಂಥದೇ ದೀಪ ಹೈದರಾಬಾದಿನಿಂದ ನಾನೂ ತರಿಸಿದೆ. ತೊಟ್ಟಿ ಹೇಗೆ ಕೂಡಿಸಬೇಕು, ನೀರಿಗೆ ಎಷ್ಟು ಉಪ್ಪು, ಎಲ್ಲ ಡಾಕ್ಟರ್ ಸಾಬರೇ ಹೇಳಿಕೊಟ್ಟರು.

ಹವಳ ಬೆಳಕು ತಿನ್ನುತ್ತದೆ ಎಂದು ನಾನು ನಿಂಬರ್ಗಾದ ಹಿರಿಯರಿಗೆ ಹೇಳಿದ್ದು ಅರ್ಧ ಖರೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬೆಳಕು ಬಿದ್ದರೆ ಪಾಚಿ ಅಡುಗೆ ಮಾಡುತ್ತದೆ, ಹವಳ ಕೂತು ಉಣ್ಣುತ್ತದೆ. ಬೆಳಕು ಕಡಿಮೆಯಾದರೆ ಹವಳ ಸೊರಗುತ್ತದೆ, ಹೆಚ್ಚಾದರೆ ಸುಡುತ್ತದೆ. ಏನಾದರೂ ತೊಂದರೆಯಾದರೆ ಆ ಪಾಚಿಯನ್ನೇ ಮನೆಯಿಂದ ಹೊರಗೆ ಹಾಕಿ ತಾನು ಬೆಳ್ಳಗಾಗಿಬಿಡುತ್ತದೆ. ಬೆಳ್ಳಗಾದದ್ದು ಮತ್ತೆ ಚೇತರಿಸಬಹುದು, ಚೇತರಿಸದೆಯೂ ಇರಬಹುದು. ನನ್ನಂಥವನಿಗೆ ಇದಕ್ಕಿಂತ ತಕ್ಕ ಪ್ರಾಣಿ ದೇವರು ಇನ್ನೊಂದನ್ನು ಮಾಡಿಲ್ಲ.

ಹಾಲೈಡ್ ದೀಪದ ಒಂದೇ ದುರ್ಗುಣ ಕಾವು. ಬೇಸಿಗೆಯಲ್ಲಿ ಅದರ ಕೆಳಗಿನ ನೀರು ಬಿಸಿಯಾಗದಂತೆ ಕಾಯುವುದೇ ನಮ್ಮ ಕೆಲಸ. ಶಿವರಾತ್ರಿ ಹತ್ತಿರ ಬಂದರೆ ಸಾಕು, ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ, ಫ್ರಿಜ್ಜಿನಲ್ಲಿ ಬಾಟಲಿಗಟ್ಟಲೆ ಐಸು ಮಾಡಿ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದೆ. ಮನೆಯವರಿಗೆ ಕುಡಿಯಲು ತಣ್ಣೀರು ಸಿಗದಿದ್ದರೂ ಹವಳಕ್ಕೆ ಸಿಗುತ್ತಿತ್ತು. ಮಳೆ ಬಂತೆಂದರೆ ಥರ್ಮಾಮೀಟರನ್ನು ಡ್ರಾದಲ್ಲಿ ಹಾಕಿಬಿಡುತ್ತಿದ್ದೆ. ಮತ್ತೆ ಮುಂದಿನ ಬೇಸಿಗೆಗೇ ಅದರ ನೆನಪು.

ದಸರಾ ಮುಗಿದ ಮೇಲೆ ಡಾಕ್ಟರ್ ಸಾಬರು ಅಫಜಲಪುರದಿಂದ ಜೀಪಿನಲ್ಲಿ ಒಂದು ಥರ್ಮಾಕೋಲ್ ಡಬ್ಬಿ ಕಾಲ ನಡುವೆ ಇಟ್ಟುಕೊಂಡು ಬಂದರು. ಅವರ ಹಳೆಯ ಮನೆಯ ಛತ್ತು ಕೆಡವಿ ಸ್ಲ್ಯಾಬ್ ಹಾಕಿಸುವುದು ಶುರುವಾಗಿತ್ತು. ಕರೆಂಟು ತೆಗೆಸಿದ್ದರು, ತೊಟ್ಟಿ ಖಾಲಿ ಮಾಡಿದ್ದರು. ಉಳಿದದ್ದೆಲ್ಲ ಕಲಬುರಗಿಯ ಮೀನಿನ ಅಂಗಡಿಗೆ ಕೊಟ್ಟು, ಒಂದನ್ನು ಮಾತ್ರ ನನ್ನ ಹತ್ತಿರ ತಂದಿದ್ದರು. ಹಸಿರು ಕೋಡುಗಳ ಹವಳ. ಬೆರಳ ತುದಿಯಷ್ಟಿದ್ದಾಗ ಅವರ ಮನೆಗೆ ಬಂದದ್ದು, ಈಗ ಎರಡೂ ಕೈ ಬೊಗಸೆ ಸೇರಿಸಿದರೆ ತುಂಬುವಷ್ಟು. ಕಿರುಕೊಂಬೆಗಳ ತುದಿ ಎಳೆಯ ಜೋಳದ ಸುಳಿಯ ಬಣ್ಣ. ಮನೆಯಾಕೆ ತೀರಿಕೊಂಡ ವರ್ಷ ತಂದದ್ದು ಎಂದು ಒಂದು ಸಲ ಹೇಳಿದ್ದರು.

"ಮಾಘದಾಗ ಹೊಸಾ ಮನಿ ಹೊಗೂ ಶಾಂತಿ ಇಟ್ಕೊಂಡೇನಿ," ಎಂದರು. "ಪಡಸಾಲಿ ಗ್ವಾಡ್ಯಾಗ ಇದರ ಸಲುವಾಗಿ ಜಾಗಾ ಬಿಡಿಸೇನಿ. ಅಲ್ಲೀತನ ಇದನ್ನ ಉಳಿಸಿ ಕೊಡು. ಬ್ಯಾರೆ ಏನೂ ಬ್ಯಾಡ."

"ಬ್ಯಾರೆ ಯಾರಿಗರೆ ಇದರ ತುಂಡ ಕೊಟ್ಟೀರೇನ್ರಿ ಸಾಬ್ರ?"

"ಇಲ್ಲ. ಕತ್ತರಿಸಾಕ ಮನಸ್ ಬರಲಿಲ್ಲ. ಇದೊಂದೇ."

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಹೆದರಿಕೆ ಅವರಿಗೆ ನನ್ನ ಮುಖದಲ್ಲಿ ಕಂಡಿರಬೇಕು.

"ಲೇ, ಎಮ್ಮಿ ಕರಾ ಹಾಕೂ ಮುಂದ ಮಾಲಕ ನಿಲ್ತಾನಲ್ಲ, ಹಂಗ ನಿಲ್ಲಬ್ಯಾಡ. ನಿನ್ನ ದೀಪಾನೂ ನನ್ನಂಥಾದೇ ಅದ. ಏನಾಗಂಗಿಲ್ಲ. ಆ ಜೇವರ್ಗಿಯವನ ಮಾತ ಕೇಳಿ ನೀಲಿ ಲೈಟ್ ಮಾತ್ರ ಹಾಕಬ್ಯಾಡ."

ಜೇವರ್ಗಿಯವನು ಎಂದರೆ ನಮ್ಮ ಇನ್ನೊಬ್ಬ ಗೆಳೆಯ. ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು. ಕಲಬುರಗಿಯ ಒಂದು ಮೀನಿನ ಅಂಗಡಿಯಲ್ಲಿ ಪರಿಚಯ. ಮೂರು ತಾಲ್ಲೂಕಿನಲ್ಲಿ ಹವಳ ಸಾಕುವವರು ನಾವು ಮೂವರೇ ಇರಬೇಕು, ಆ ಮೂವರಲ್ಲೂ ಎರಡು ಪಕ್ಷ: ಅಫಜಲಪುರ ಹಾಲೈಡ್ ಕಡೆ, ಜೇವರ್ಗಿ ನೀಲಿ ಎಲ್‌ಇಡಿ ಕಡೆ. ನಾನು ಯಾರ ಜೊತೆ ಮಾತನಾಡಿದೆನೋ ಅವತ್ತಿಗೆ ಅವರ ಕಡೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನನ್ನ ಹಾಲೈಡ್ ಬಲ್ಬು ಹೋಯಿತು. ಮಧ್ಯಾಹ್ನ ಸ್ವಿಚ್ ಹಾಕಿದೆ, ಗುಲಾಬಿಯಾಯಿತು, ಬೆಳ್ಳಗಾಗಲೇ ಇಲ್ಲ. ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿದರೆ, "ಅವು ಬರೋದು ನಿಂತು ಭಾಳ ದಿನ ಆಯ್ತು, ಯಾರೂ ಕೇಳೋದಿಲ್ಲ" ಎಂದರು. ಡಾಕ್ಟರ್ ಸಾಬರ ಬಲ್ಬು ಮನೆ ಖಾಲಿ ಮಾಡುವ ಗದ್ದಲದಲ್ಲಿ ಒಡೆದಿತ್ತು. ಅವರಿಗೆ ಫೋನ್ ಹಚ್ಚಿದೆ.

"ಕಲಬುರಗಿಗೆ ಹೋಗು," ಎಂದರು. "ಪೆಟ್ರೋಲ್ ಬಂಕಿಗೆ, ಆಟದ ಬಯಲಿಗೆ ಹಾಕೋ ಹಾಲೈಡ್ ಇನ್ನಾ ಸಿಗ್ತಾವ. ಅದನ್ನ ಹಾಕು."

ಹೋಗಿ ತಂದೆ. ಅದರ ಬೆಳಕಿಗೆ ತೊಟ್ಟಿಯೆಲ್ಲ ತೊಗರಿಬೇಳೆಯ ಕಟ್ಟಿನ ಬಣ್ಣ ಬಂತು. ಬಣ್ಣ ಹೋಗಲಿ ಎನ್ನಬಹುದಿತ್ತು. ಆದರೆ ಹಿಂಗಾರಿ ಹೊಲಗಳಿಗೆ ನೀರು ಬಿಡುವ ದಿನಗಳು; ಪಂಪುಗಳು ಶುರುವಾದ ಕೂಡಲೇ ವೋಲ್ಟೇಜು ಕುಸಿಯುತ್ತಿತ್ತು, ಆ ಬಲ್ಬು ಪಟ್ಟನೆ ಆರುತ್ತಿತ್ತು. ಹಾಲೈಡ್ ಒಮ್ಮೆ ಆರಿದರೆ ಪೂರ್ತಿ ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಹತ್ತಿ ಬೆಳ್ಳಗಾಗುವಷ್ಟರಲ್ಲಿ ಮತ್ತೆ ಆರುತ್ತಿತ್ತು. ಹವಳಕ್ಕೆ ದಿನದಲ್ಲಿ ನಾಲ್ಕಾರು ಸಲ ಬೆಳಗು, ನಾಲ್ಕಾರು ಸಲ ಸಂಜೆ.

ಒಂದು ಭಾನುವಾರ ಜೇವರ್ಗಿಗೆ ಹೋದೆ. ಗೆಳೆಯ ತನ್ನ ತೊಟ್ಟಿಯ ಮುಂದೆ ಖುರ್ಚಿ ಹಾಕಿ ಕೂರಿಸಿ ಮೊಬೈಲು ತೆಗೆದ. ತೊಟ್ಟಿಯ ಮೇಲೆ ಪುಸ್ತಕದಷ್ಟು ತೆಳ್ಳಗಿನ ಎಲ್‌ಇಡಿ ಪಟ್ಟಿ.

"ನೋಡಣ್ಣಾ, ಇದು ಬೆಳಗು." ಬೆರಳು ಸರಿಸಿದ. ತೊಟ್ಟಿ ನಸುನೀಲಿಯಾಯಿತು. "ಇದು ಮಧ್ಯಾಹ್ನ. ಇದು ಹುಣ್ಣಿವಿ. ಬೇಕಂದ್ರ ಮೋಡಾನೂ ಬರಸ್ತದ." ಖರೆ, ತೊಟ್ಟಿಯ ಮೇಲೆ ನೆರಳೊಂದು ಹಾದುಹೋಯಿತು. ಆಮೇಲೆ ಫಳ್ ಎಂದು ಮಿಂಚು ಕೂಡ.

ಬಾಗಿಲಲ್ಲಿ ಕೂತು ಮೆಂತ್ಯಪಲ್ಯ ಸೋಸುತ್ತಿದ್ದ ಅವನ ತಾಯಿ ತಲೆ ಎತ್ತದೆಯೇ, "ಮೋಡ ಬರಸ್ತಾನ, ಮಿಂಚ ಬರಸ್ತಾನ. ಹಂಗೇ ನಾಕ್ ಹನಿ ಮಳಿ ಬರಸಪಾ ಹೊಲಕ್ಕ ಅಂದ್ರ, ಅದೊಂದ್ ಬರಂಗಿಲ್ಲಂತ," ಎಂದರು.

"ಯವ್ವಾ, ನೀ ಸುಮ್ನಿರ ಬೇ."

"ಸುಮ್ನೇ ಅದೇನಿ. ದಿನಾ ನೋಡಾಕತ್ತೇನಿ."

ನಗುತ್ತಲೇ ನಾನು ಅವನ ಹವಳಗಳನ್ನು ಹತ್ತಿರದಿಂದ ನೋಡಿದೆ. ಚೆನ್ನಾಗಿ ಬೆಳೆದಿದ್ದವು, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಬಣ್ಣಗಳು ಸ್ವಲ್ಪ ಹೆಚ್ಚೇ ಬಣ್ಣ. ಈಗಿನ ಮದುವೆ ಆಲ್ಬಮ್ಮಿನಲ್ಲಿ ವಧುವಿನ ಗಲ್ಲಕ್ಕೆ ನಾವು ಕಂಪ್ಯೂಟರಿನಲ್ಲಿ ಹಚ್ಚುವ ಗುಲಾಬಿಯ ಹಾಗೆ. ಮರಳಿನ ಮೇಲೆ ಭೀಮಾ ನದಿಯ ಬಲೆ ಇರಲಿಲ್ಲ. ಆದರೆ ಕರೆಂಟು ಕುಸಿದರೂ ದೀಪ ಅಲುಗಾಡಲಿಲ್ಲ. ಇನ್ವರ್ಟರಿನ ಮೇಲೂ ನಡೆಯುತ್ತದೆಂದ. ಕೈಯಿಟ್ಟು ನೋಡಿದೆ, ಪಟ್ಟಿ ಬೆಚ್ಚಗೂ ಇರಲಿಲ್ಲ.

"ಕಾವೇ ಇಲ್ಲಲ್ಲೋ," ಎಂದೆ ಖುಷಿಯಾಗಿ.

"ಅದೇ ಮತ್ತ ಇದರ ದೊಡ್ಡ ಗುಣ ಅಣ್ಣಾ. ಬ್ಯಾಸಗ್ಯಾಗ ನಿನ್ನ ಐಸಿನ ಬಾಟ್ಲಿ ಧಂದಾನೇ ಬಂದ್. ಒಂದೇ ಮಾತು: ಒಮ್ಮಿಗೇ ಫುಲ್ ಬಿಡಬ್ಯಾಡ, ಸುಡ್ತದ. ಸಣ್ಣಾಗಿ ಶುರು ಮಾಡಿ ಹೌರಗ ಏರಸು."

ವಾಪಸು ಬರುವಾಗ ಬಸ್ಸಿನಿಂದಲೇ ಡಾಕ್ಟರ್ ಸಾಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮುಚ್ಚಿಡದೆ. ಅವರ ಕಡೆಯಿಂದ ಮನೆ ಕಟ್ಟುವ ಗೌಂಡಿಗಳು ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು.

"ನಾ ಬ್ಯಾಡಂದ್ರ ಬಿಡ್ತೀ ಏನು?"

"ಬಿಡ್ತೇನ್ರಿ. ಆದ್ರ ಈ ಬಲ್ಬಿನ ಕೆಳಗ ಅದು ಉಳಿಯಂಗಿಲ್ಲ ಅನಸ್ತದ."

"ಹಂಗಾರ ನನ್ನ ಯಾಕ ಕೇಳ್ತಿ? ನಿನಗ ಕಾಣೋದು ನನಗ ಇಲ್ಲಿಂದ ಕಾಣಂಗಿಲ್ಲ. ಕೈಯಾಗ ಕೊಟ್ಟೇನಿ, ನೀ ನೋಡಿ ಮಾಡು."

ಬೈದಿದ್ದರೆ ಹಗುರವಾಗುತ್ತಿತ್ತು. ಬೇಡ ಎಂದಿದ್ದರೆ ಇನ್ನೂ ಹಗುರ. ಹೀಗೆ ನನ್ನ ಕೈಗೆ ಬಿಟ್ಟದ್ದರಿಂದ ಆಳಂದ ಬರುವವರೆಗೂ ಕಿಟಕಿಯ ಹೊರಗಿನ ತೊಗರಿ ಹೊಲ ಒಂದೂ ನನಗೆ ಕಾಣಲಿಲ್ಲ.

ಎಲ್‌ಇಡಿ ಪಟ್ಟಿ ಬಂತು. ಹಾಲೈಡ್ ದೀಪ ಮತ್ತು ಅದರ ಚೋಕ್ ಡಬ್ಬಿ ಇಳಿಸಿ ಅಟ್ಟಕ್ಕೆ ಹಾಕಿದೆ. ಹವಳ ಹೊಸ ಬೆಳಕಿಗೆ ಸುಡಬಾರದೆಂದು ಸ್ಟುಡಿಯೋ ಬುದ್ಧಿ ಉಪಯೋಗಿಸಿದೆ: ಮದುಮಗಳ ಮುಖದ ಮೇಲೆ ಲೈಟು ಚುಚ್ಚದಿರಲೆಂದು ನಾವು ದೀಪಕ್ಕೆ ಬಟರ್ ಪೇಪರ್ ಹಚ್ಚುತ್ತೇವೆ, ಅದನ್ನೇ ಪಟ್ಟಿಗೆ ಮೂರು ಪದರ ಹಚ್ಚಿದೆ. ಹಳೆಯ ಕಾಲದ ಬೆಳಕು ಅಳೆಯುವ ಮೀಟರನ್ನು ಪಾಲಿಥಿನ್ ಚೀಲದಲ್ಲಿ ಕಟ್ಟಿ ನೀರಿಗಿಳಿಸಿ ಓದಿದೆ. ಆ ಮೀಟರು ಮನುಷ್ಯನ ಕಣ್ಣಿಗೆ ಎಷ್ಟು ಬೆಳಕೆಂದು ಹೇಳುತ್ತದೆಯೇ ಹೊರತು ಪಾಚಿಯ ಹೊಟ್ಟೆಗೆ ಎಷ್ಟೆಂದು ಹೇಳುವುದಿಲ್ಲ ಎಂದು ಆಮೇಲೆ ಓದಿ ತಿಳಿದೆ. ಆದರೂ ಮುಳ್ಳು ಅಲುಗಾಡಿದಾಗ ಏನೋ ಶಾಸ್ತ್ರೋಕ್ತವಾಗಿ ನಡೆದಿದೆ ಎಂಬ ಸಮಾಧಾನ.

ಮೊದಲು ಎಲ್ಲ ಚೆನ್ನಾಗಿತ್ತು. ಹವಳದ ಮೈತುಂಬ ಸಣ್ಣ ಹೂವಿನಂಥ ಬಾಯಿಗಳಿರುತ್ತವೆ, ಅವು ಬಿಚ್ಚಿಕೊಂಡೇ ಇದ್ದವು. ಆಮೇಲೆ ಒಂದೊಂದಾಗಿ ಮುಚ್ಚತೊಡಗಿದವು. ಬುಡದ ಹತ್ತಿರ ಹಸಿರು ಮಾಸಿ ಬೂದಿಯಾಯಿತು. ಒಂದು ಕೊಂಬೆಯ ತುದಿ ಸುಣ್ಣದ ಬಿಳಿ.

ಜೇವರ್ಗಿಗೆ ಫೋಟೋ ಕಳಿಸಿದೆ. "ಬೆಳಕ ಕಮ್ಮಿ ಆಗ್ಯಾದಣ್ಣಾ, ಪೇಪರ್ ತೆಗಿ" ಎಂದ. ಅಫಜಲಪುರಕ್ಕೆ ಹೇಳಿದೆ. "ಬೆಳಕ ಹೆಚ್ಚಾಗ್ಯಾದ. ಆ ನೀಲಿ ಲೈಟ್ ಸೂಜಿ ಇದ್ಹಂಗ ಚುಚ್ತದ ಅಂತ ನಾ ಮೊದ್ಲೇ ಹೇಳಿದ್ದಿಲ್ಲೇನು? ಪೇಪರ್ ಹೆಚ್ಚ ಮಾಡು" ಎಂದರು. ಇಬ್ಬರೂ ನನಗಿಂತ ಬಲ್ಲವರು. ಬೆಳಗ್ಗೆ ಒಂದು ಪದರ ತೆಗೆದೆ, ಸಂಜೆಗೆ ಹೆದರಿ ಮತ್ತೆ ಹಚ್ಚಿದೆ. ಮರುದಿನ ಎರಡು ಹಚ್ಚಿದೆ, ಮಧ್ಯಾಹ್ನಕ್ಕೆ ಒಂದು ತೆಗೆದೆ. ಅಂಗಡಿಯಲ್ಲಿ ಗಿರಾಕಿ ಕೂತಿದ್ದರೂ ಮನಸ್ಸು ಒಳಗೋಣೆಯಲ್ಲಿ. ಒಬ್ಬರಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ನಾನು ಸೊಂಟದವರೆಗೆ ತೆಗೆದುಕೊಟ್ಟೆ.

ಇನ್ನೊಂದು ಕೊಂಬೆ ಬಿಳಿಯಾಯಿತು. ಅಲ್ಲಿಯವರೆಗೆ ದಿನಾ ಫೋನ್ ಮಾಡುತ್ತಿದ್ದ ಡಾಕ್ಟರ್ ಸಾಬರು ಮಾಡುವುದನ್ನು ಕಡಿಮೆ ಮಾಡಿದರು. ಮಾಡಿದಾಗಲೂ ಸ್ಲ್ಯಾಬಿನ ಸುದ್ದಿ, ಗೋಡೆಯ ಗಿಲಾವಿನ ಸುದ್ದಿ. ಹವಳದ ಮಾತು ಬಂದರೆ, "ಇರ್ಲಿ ಬಿಡಪಾ, ನೀ ಬೇಕಂತ ಮಾಡಿಲ್ಲ" ಎಂದರು. ಜಾನುವಾರಿನ ಕೊಟ್ಟಿಗೆಯಲ್ಲಿ ನಿಂತು, ಆಸೆಯಿಲ್ಲ ಎನ್ನುವುದನ್ನು ಮಾಲಕರಿಗೆ ಎಷ್ಟೋ ಸಲ ಹೇಳಿ ಅಭ್ಯಾಸವಾದ ದನಿ ಅದು.

ಎಳ್ಳಮವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಮಟಕಿ ಊರಿನ ಹತ್ತಿರದ ನನ್ನ ಭಾವಮೈದುನನ ಹೊಲಕ್ಕೆ ಎಲ್ಲರೂ ಹೋಗುವುದು, ಹೊಲದಲ್ಲೇ ಕೂತು ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುವುದು ನಮ್ಮ ಪದ್ಧತಿ. ಅಂಬಲಿ ನಮ್ಮ ಮನೆಯಿಂದ ಹೋಗಬೇಕು, ಅದು ಹೆಂಡತಿಯ ತವರಿಗೆ ಅವಳು ಕೊಟ್ಟ ಮಾತು. ಅಂಬಲಿಗೆ ಹುಳಿ ಮಜ್ಜಿಗೆ ಬೇಕು. ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಅವಳು ಪಾತ್ರೆಯೊಂದನ್ನು ತಂದು ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಇಟ್ಟಳು. ಒಳಗೆ ಹಾಲು ಹಾಲಾಗಿಯೇ ಇತ್ತು.

"ನೋಡ್ರಿ ಇದನ್ನ."

"ಏನಾಗ್ಯಾದ ಇದಕ್ಕ?"

"ಏನೂ ಆಗಿಲ್ಲ, ಅದೇ ಹೇಳಾಕತ್ತೇನಿ. ನಿಮ್ಮ ಹೊಸಾ ಲೈಟ್ ಬಂದಾಗಿಂದ ಮನ್ಯಾಗ ಮೊಸರ ಕೂಡವಲ್ದು."

ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದು. "ಲೈಟಿಗೂ ಮೊಸರಿಗೂ ಏನ್ ಸಂಬಂಧ? ಚಳಿ ಬಿದ್ದದ, ಅದಕ್ಕ ಕೂಡವಲ್ದು."

"ಚಳಿ ಈ ವರ್ಷ ಹೊಸದಾಗಿ ಬಿದ್ದದೇನು? ಪ್ರತಿ ಚಳಿಗಾಲದಾಗ ನಾ ನಿಮ್ಮ ಆ ಗುಂಯ್ ಅನ್ನೂ ಡಬ್ಬಿ ಮ್ಯಾಲ ಗಡಗಿ ಇಡ್ತಿದ್ದೆ. ಮಧ್ಯಾಹ್ನ ಇಟ್ರ ಸಂಜಿಗೆ ಕಲ್ಲಿನಂಥಾ ಮೊಸರು. ಇಡೀ ಖೋಲಿ ಒಲಿ ಮುಂದ ಕುಂತ್ಹಂಗ ಇರ್ತಿತ್ತು. ಈಗ ಆ ಡಬ್ಬಿ ಅಟ್ಟಕ್ಕ ಹಾಕೀರಿ. ಆ ಖೋಲಿಗಿ ಕಾಲಿಟ್ರ ನೆಲ ಕೊರೀತದ."

ಇಷ್ಟು ವರ್ಷ ನಮ್ಮ ಮನೆಯ ಮೊಸರು ನನ್ನ ಚೋಕ್ ಡಬ್ಬಿಯ ಮೇಲೆ ಹೆಪ್ಪುಗಟ್ಟುತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅದಕ್ಕೆ ಬೇಸರಪಡುವಷ್ಟೂ ಪುರಸೊತ್ತು ಸಿಗಲಿಲ್ಲ. ಎದ್ದು ಒಳಗೋಣೆಗೆ ಹೋಗಿ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಇಳಿಸಿದೆ. ಆ ತಣ್ಣಗಿನ ನೀರಿನಲ್ಲಿ ಕೈ ಜುಮ್ಮೆಂದಿತು. ಡ್ರಾದಿಂದ ಥರ್ಮಾಮೀಟರ್ ಹುಡುಕಿ ತೆಗೆದು ಮುಳುಗಿಸಿದೆ. ಬೇಸಿಗೆಯಲ್ಲಿ ಮೇಲಿನ ಕೆಂಪು ಗುರುತಿನ ಮೇಲೇ ನಾನು ಕಣ್ಣಿಟ್ಟು ಕಾಯುತ್ತಿದ್ದ ಸಾಧನ ಅದು. ಅದರಲ್ಲಿ ಕೆಳಗೂ ಅಷ್ಟೊಂದು ಅಂಕಿಗಳಿವೆ ಎಂದು ನಾನು ಗಮನಿಸಿರಲೇ ಇಲ್ಲ. ಪಾದರಸ ಅಲ್ಲಿ ಕೆಳಗೆ ಕೂತಿತ್ತು.

ಕಲಬುರಗಿ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಸಾಯುವುದು ಎಂದರೆ ಬಿಸಿಲಿಗೆ ಸಾಯುವುದು. ಕೂಲರ್, ಐಸು, ಒದ್ದೆ ಗೋಣಿಚೀಲ, ಇವೇ ನಮಗೆ ಗೊತ್ತಿರುವ ಔಷಧ. ನೀರಿಗೆ ಕಾವು ಕೊಡುವ ಹೀಟರ್ ಮೀನಿನ ಅಂಗಡಿಗಳಲ್ಲಿ ಸಿಗುತ್ತದೆಂದು ಗೊತ್ತಿತ್ತು. ಆಳಂದದಲ್ಲಿ ಅದನ್ನು ಕೊಂಡರೆ ಊರವರು ನಗುತ್ತಾರೆ ಎಂದು ನಾನೂ ನಕ್ಕಿದ್ದೆ. ಹಾಲೈಡ್ ದೀಪವೇ ಚಳಿಗಾಲವಿಡೀ ನಮಗೆ ಹೀಟರಾಗಿತ್ತು. ಆ ಕಾವನ್ನೇ ನಾವು ಮೂವರೂ ದುರ್ಗುಣ ಎಂದು ಲೆಕ್ಕ ಹಿಡಿದಿದ್ದೆವು.

ಹೆಂಡತಿ ಹಿಂದೆ ಬಂದು ನಿಂತಿದ್ದಳು. "ಬಿಸಿನೀರ ಕಾಸ್ಲೇನು?" ಎಂದು ಕೇಳಿದಳು.

ಬೇಸಿಗೆಯಲ್ಲಿ ಐಸು ತುಂಬುತ್ತಿದ್ದ ಬಾಟಲಿಗಳಿಗೇ ಬಿಸಿನೀರು ತುಂಬಿ ತೇಲಿಬಿಟ್ಟೆವು. ಒಮ್ಮೆಲೇ ಬಿಸಿಯಾಗಬಾರದೆಂದು ಒಂದೊಂದೇ ಬಾಟಲಿ. ಅವಳು ಒಲೆಯ ಮುಂದೆ, ನಾನು ತೊಟ್ಟಿಯ ಮುಂದೆ, ನಡುವೆ ಬಾಟಲಿಗಳ ಓಡಾಟ. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ಹೀಟರ್ ತಂದೆ. ಬಟರ್ ಪೇಪರನ್ನು ಮೊದಲು ಹಚ್ಚಿದ್ದ ಮೂರು ಪದರಕ್ಕೇ ಇಟ್ಟು, ಅದನ್ನು ಮುಟ್ಟಬಾರದೆಂದು ನನಗೆ ನಾನೇ ತಾಕೀತು ಮಾಡಿಕೊಂಡೆ. ಮುಟ್ಟದಿರುವುದೇ ಕಷ್ಟವಾಯಿತು.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಬಂದ ಸಂಜೆ, ಬೂದಿ ಬಣ್ಣದ ಬುಡದ ಹತ್ತಿರ ಒಂದು ಬಾಯಿ ಬಿಚ್ಚಿಕೊಂಡಿತ್ತು. ಒಂದೇ. ಅದು ಬಾಯಿಯೋ ಕಸವೋ ಎಂದು ಖಾತ್ರಿಯಾಗದೆ ಕ್ಯಾಮೆರಾಕ್ಕೆ ದೊಡ್ಡ ಲೆನ್ಸ್ ಹಾಕಿ ನೋಡಿದೆ. ಬಾಯಿಯೇ.

ಡಾಕ್ಟರ್ ಸಾಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ: ಚೋಕ್ ಡಬ್ಬಿ, ಮೊಸರು, ತಣ್ಣೀರು. ನಗುತ್ತಾರೆ ಎಂದುಕೊಂಡಿದ್ದೆ.

"ಮೂವತ್ತೈದ ವರ್ಷ ನೌಕರಿ ಮಾಡೇನಿ," ಎಂದರು ನಿಧಾನವಾಗಿ. "ಆಕಳ ಬರ್ಲಿ, ಎಮ್ಮಿ ಬರ್ಲಿ, ನಾಯಿ ಬರ್ಲಿ, ಮೊದ್ಲ ಥರ್ಮಾಮೀಟರ್ ಹಚ್ಚೇನಿ, ಆಮ್ಯಾಲ ಮಾತ. ನಿನಗ ಇಷ್ಟ ದಿನ ಫೋನಿನ್ಯಾಗ ಲೈಟಿನ ಸಲುವಾಗಿ ಜಗಳ ಮಾಡಿದ್ನೇ ಹೊರತು, ನೀರ ಹೆಂಗದ ಅಂತ ಒಮ್ಮಿ ಕೇಳ್ಲಿಲ್ಲ ನೋಡ."

"ನಾನೂ ನೋಡ್ಲಿಲ್ಲರಿ."

"ನೀ ಫೋಟೋದವ. ನಾ ಡಾಕ್ಟರ್." ಆಮೇಲೆ, "ಮೊಸರ ಕೂಡ್ತೇನು?" ಎಂದು ಕೇಳಿದರು.

"ಈಗ ಇನ್ವರ್ಟರ್ ಮ್ಯಾಲ ಇಡ್ತಾಳರಿ."

ಆಗ ನಕ್ಕರು.

ಮಾಘದಲ್ಲಿ ಮನೆ ಶಾಂತಿಗೆ ಮುಂಚೆ ಹವಳ ಒಯ್ಯಲು ಬಂದರು. ತೊಟ್ಟಿಯ ಮುಂದೆ ಸ್ಟೂಲ್ ಹಾಕಿಸಿಕೊಂಡು ಕೂತು, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಹವಳ ಬದುಕಿತ್ತು. ಆದರೆ ಅವರು ಬಿಟ್ಟುಹೋದ ಹವಳವಲ್ಲ ಅದು. ಎರಡು ಕೊಂಬೆ ಸತ್ತು ಬರೀ ಎಲುಬಾಗಿದ್ದವು. ಉಳಿದವುಗಳ ಎಳೆಜೋಳದ ಹಸಿರು ಹೋಗಿ, ತುದಿಗಳಲ್ಲಿ ನೀಲಿ ಬೆರೆತ ಬೇರೇನೋ ಹಸಿರು ಬಂದಿತ್ತು. ನಾನು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ನಿಂತಿದ್ದೆ.

"ನೀಲಿ ಆಗ್ಯಾದ," ಎಂದರು.

"ಹೌದ್ರಿ. ಈ ಲೈಟಿಗೆ ಹಂಗ ಆಗ್ತದಂತ."

"ನನ್ನ ಲೈಟಿಗೆ ಬಂದ್ರ ಮತ್ತ ಹಸರಾಗ್ತದ."

"ಹೊಸ ಮನೀಗಿ ಯಾವ ಲೈಟ್ ಹಾಕೀರಿ ಸಾಬ್ರ?"

"ಹಾಲೈಡೇ. ನಮ್ಮೂರಾಗ ಪಂಪಿನ ಕಾಟ ನಿಮ್ಮಷ್ಟಿಲ್ಲ. ಬಂಕಿನ ಬಲ್ಬ್ ನಾಕ್ ತಂದ ಇಟ್ಟೇನಿ. ಗ್ವಾಡ್ಯಾಗ ಮ್ಯಾಲ ಕಿಂಡಿ ಬಿಡಿಸೇನಿ, ಕಾವು ಹೋಗಾಕ. ನನ್ನ ಮುಖ ನೋಡಬ್ಯಾಡ. ನನಗ ಮರಳಿನ ಮ್ಯಾಲ ಬಿಸಲ ಆಡಬೇಕು."

ನನಗೂ ಅದು ಬೇಕಿತ್ತು.

ಥರ್ಮಾಕೋಲ್ ಡಬ್ಬಿಯ ಜೊತೆಗೆ ಒಂದು ಬಟ್ಟೆಯ ಸುರುಳಿ ತಂದಿದ್ದರು. ಬಿಚ್ಚಿದರೆ ಆಡಿನ ಗೊರಸು ಕತ್ತರಿಸುವ ಕತ್ತರಿ, ಕುದಿಸಿ ಒರೆಸಿದ್ದು. ತೋಳು ಮೇಲೇರಿಸಿ ಹವಳವನ್ನು ನೀರಿನಿಂದ ಎತ್ತಿ, ನನ್ನ ಅಡ್ಡ ಬರುವ ಕೈಯನ್ನು ಮೊಣಕೈಯಿಂದ ಸರಿಸಿ, ಕತ್ತರಿ ಹಚ್ಚಿದರು. ಕಟ್ ಎಂದಿತು. ಮತ್ತೆ ಮತ್ತೆ ಕಟ್ ಎಂದಿತು. ಸತ್ತ ಕೊಂಬೆಗಳು ಬೇರೆ, ಮೂರು ಜೀವಂತ ತುಂಡು ಬೇರೆ.

"ಸಾಬ್ರ, ಕತ್ತರಿಸಾಕ ಮನಸ್ ಬರಂಗಿಲ್ಲ ಅಂದಿದ್ರಿ."

"ಹೌದು. ಮನಸ್ ಬರಲಿಲ್ಲ ಅಂತ ಒಂದೇ ಕಡೆ ಇಟ್ಟಿದ್ದೆ. ಇನ್ನೇನ್, ಹೋಗೇ ಬಿಡ್ತಿತ್ತು." ಒಂದು ತುಂಡನ್ನು ಡಬ್ಬಿಯ ನೀರಿಗಿಳಿಸಿದರು. "ಇದು ನಂದು. ಇದು ಜೇವರ್ಗಿಯವಂದು, ಅವನ ಮೋಡದ ಕೆಳಗ ಇಡ್ಲಿ. ಇದು ನಿಂದು. ಬ್ಯಾಸಗ್ಯಾಗ ನಂದು ಸತ್ರ ನಿನ್ನ ಹಂತೇಕ ಬರ್ತೇನಿ. ಚಳಿಗಾಲದಾಗ ನಿಂದು ಸತ್ರ ನನ್ನ ಹಂತೇಕ ಬಾ."

ಹೆಂಡತಿ ಚಾ ತಂದಳು. ಅವರು ಡಬ್ಬಿಯ ಮುಚ್ಚಳ ಹಾಕುವ ಮುಂಚೆ ಒಳಗೆ ಬೆರಳಿಟ್ಟು ನೀರಿನ ಕಾವು ನೋಡಿದರು, ಆಮೇಲೆ ನನಗೂ ಬೆರಳಿಡಲು ಹೇಳಿದರು. ಇಬ್ಬರೂ ಬರಾಬರಿ ಎಂದ ಮೇಲೆ ಮುಚ್ಚಿದರು.

ಜೀಪು ಹೋದ ಮೇಲೆ ನನ್ನ ಪಾಲಿನ ತುಂಡನ್ನು ಕಲ್ಲಿನ ಸಂದಿಯಲ್ಲಿ ನಿಲ್ಲಿಸಿದೆ. ಕತ್ತರಿಸಿದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದು ತುಂಬಿಕೊಳ್ಳುತ್ತದೋ ಇಲ್ಲವೋ ಎಂದು ಚಿಂತೆ ಶುರು ಮಾಡುವಷ್ಟರಲ್ಲಿ ಹೊರಗೆ ಗಿರಾಕಿ ಕರೆದರು. ಗೊಬ್ಬೂರದ ಒಂದು ಮನೆಯವರು, ಹೆಣ್ಣು ನೋಡಲು ಬರುವವರಿಗೆ ಕಳಿಸಲು ಮಗಳ ಫೋಟೋ ಬೇಕಿತ್ತು. ಆ ಹುಡುಗಿಗೆ ನಗು ಬರುತ್ತಿರಲಿಲ್ಲ, ಬಂದರೆ ನಿಲ್ಲುತ್ತಿರಲಿಲ್ಲ. ಒಂದು ಒಳ್ಳೆಯ ಫೋಟೋ ಸಿಗುವಷ್ಟರಲ್ಲಿ ಸಂಜೆಯಾಗಿ, ಒಳಗೋಣೆಯ ಲೈಟು ತನ್ನ ಹೊತ್ತಿಗೆ ತಾನೇ ಆರಿತ್ತು. ನಾನು ಹೋಗಿ ನೋಡಿರಲಿಲ್ಲ. ಹೆಂಡತಿ ಪರದೆಯ ಹಿಂದಿನಿಂದ ತಲೆ ಹಾಕಿ, "ಯಾಕ್ರಿ, ಇನ್ನಾ ಒಳಗ ಬಂದ ನೋಡಿಲ್ಲ, ಆರಾಮ ಅದೀರಿಲ್ಲೋ?" ಎಂದು ಕೇಳಿದಳು.